ಒಂದೇ ಸಲದ ಮೇಸ್ತ್ರಿ

ಕೊಳಾಯಿ ಮೇಸ್ತ್ರಿಗೆ ಜೀವನದಲ್ಲಿ ಎರಡು ಹೆಮ್ಮೆಗಳು. ಒಂದು, ತಾನು ಕೈಯಿಟ್ಟ ಪೈಪಿಗೆ ಎರಡನೇ ಸಲ ಕೈಯಿಡುವ ಪ್ರಸಂಗ ಮೂವತ್ತೆರಡು ವರ್ಷಗಳಲ್ಲಿ ಬಂದಿಲ್ಲ ಎನ್ನುವುದು. ಇನ್ನೊಂದು, ಮಗಳು. ಮೊದಲನೆಯದರಲ್ಲಿ ಕೊಂಚ ಸುಳ್ಳಿತ್ತು. ಮೂರು ಸಲ ಅಂಥ ಪ್ರಸಂಗ ಬಂದಿತ್ತು, ಮೂರನ್ನೂ ಅವನು ಆಯಾ ಮನೆಯವರ ತಲೆಗೇ ಕಟ್ಟಿ ಕೈತೊಳೆದುಕೊಂಡಿದ್ದ. ಎರಡನೆಯದರಲ್ಲಿ ಮಾತ್ರ ಎಳ್ಳಷ್ಟೂ ಸುಳ್ಳಿರಲಿಲ್ಲ.

ಕೆಲಸ ಮುಗಿದ ಮೇಲೆ ಅವನು ಕೈ ಒರೆಸಿಕೊಳ್ಳುತ್ತ ಮನೆಯವರಿಗೆ ಒಂದು ಮಾತು ಹೇಳದೆ ಹೊಸ್ತಿಲು ದಾಟುತ್ತಿರಲಿಲ್ಲ. "ಒಂದೇ ಸಲ. ಇನ್ನು ನನ್ನ ಮುಖ ನಿಮಗೆ ಕಾಣಲ್ಲ." ಕೆಲವರು "ಅಷ್ಟು ಮಾಡಿ, ದೊಡ್ಡ ಉಪಕಾರ" ಎಂದು ಗೊಣಗುತ್ತಿದ್ದುದೂ ಉಂಟು. ಹೊಗಳಿಕೆಗೆ ಇದ್ದಷ್ಟು ಚುರುಕು ಅವನ ಕಿವಿಗೆ ಗೊಣಗಾಟಕ್ಕೆ ಇರಲಿಲ್ಲ.

ಮಗಳು ಹೊಟ್ಟೆ ಮತ್ತು ಕರುಳಿನ ಡಾಕ್ಟರು. ದೊಡ್ಡ ರಸ್ತೆಯ ಕೊನೆಯ ಆಸ್ಪತ್ರೆಯಲ್ಲಿ, ಮೂರನೇ ಮಹಡಿಯಲ್ಲಿ ಅವಳ ಕೋಣೆ. ಬಾಗಿಲ ಮೇಲೆ ಅವಳ ಹೆಸರಿನ ಫಲಕ ಹಾಕಿದ ವಾರವೇ ಮೇಸ್ತ್ರಿ ಕೆಲಸದ ಚೀಲದೊಂದಿಗೆ ಲಿಫ್ಟು ಹತ್ತಿ ಹೋಗಿ, ಅದರ ನಾಲ್ಕು ಸ್ಕ್ರೂಗಳನ್ನು ಪರೀಕ್ಷಿಸಿದ್ದ. ಒಂದು ಸಡಿಲವಿತ್ತು. ಬಿಗಿ ಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಯಾರಿಗೂ ಹೇಳದೆ ಮನೆಗೆ ಬಂದ. ಯಾರಿಗೂ ಹೇಳದೆ ಅವನು ಮಾಡಿದ ಕೆಲಸ ಬಹುಶಃ ಅದೊಂದೇ.

ಇನ್ನು ಗುಂಡ. ಗುಂಡ ಮೇಸ್ತ್ರಿಯ ಜೊತೆಗಾರ. ಇಪ್ಪತ್ತೆರಡು ವರ್ಷಗಳಿಂದ ಕಟ್ಟಡದ ಮೇಲೆ ಒಬ್ಬ, ಕೆಳಗೆ ಒಬ್ಬ. ಗೋಡೆ ಮುಚ್ಚುವ ಮೊದಲು ಪೈಪಿನಲ್ಲಿ ನೀರು ತುಂಬಿ ಒತ್ತಡ ಏರಿಸುವಾಗ ಗುಂಡ ಕೆಳಗೆ ಪಂಪಿನ ಹತ್ತಿರ ಕೂರುತ್ತಿದ್ದ, ಮೇಸ್ತ್ರಿ ಮೇಲೆ ಮಾಪಕದ ಮುಳ್ಳು ನೋಡುತ್ತಿದ್ದ. ಪೈಪಿಗೆ ನಟ್ಟು ಬಿಗಿಯುವ ಪಾನಾದಿಂದ ಒಂದು ಪೆಟ್ಟು ಬಿದ್ದರೆ ಏರಿಸು, ಎರಡು ಬಿದ್ದರೆ ನಿಲ್ಲಿಸು. ಬಾಯಿಬಡುಕ ಮೇಸ್ತ್ರಿ ಆಡಿದ ಮಾತುಗಳಿಗಿಂತ ಆ ಪೆಟ್ಟುಗಳನ್ನೇ ಗುಂಡ ಹೆಚ್ಚು ನಂಬುತ್ತಿದ್ದ. ಒಮ್ಮೆ ನಿಜವಾಗಿಯೂ ಗುಂಡಗಿದ್ದವನು. ಈಗ ಮುಕ್ಕಾಲು ಇಂಚಿನ ಪೈಪಿನಂತಾಗಿದ್ದ. ಬೆಲ್ಟಿಗೆ ಅವನೇ ಹೊಸದಾಗಿ ನಾಲ್ಕು ತೂತು ಹೊಡೆದುಕೊಂಡಿದ್ದ.

ಕಾಯಿಲೆಯ ಹೆಸರು ಕ್ರೋನ್ಸ್. ಕರುಳಿನ ಗೋಡೆ ಸುಮ್ಮಸುಮ್ಮನೆ ಊದಿಕೊಂಡು ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ ಆ ಜಾಗ ಗಟ್ಟಿಯಾಗಿ ಕುಗ್ಗುತ್ತದೆ, ದಾರಿ ಕಿರಿದಾಗುತ್ತದೆ. ಎರಡು ಸಲ ಹೊಟ್ಟೆ ಕೊಯ್ದು, ಕೆಟ್ಟ ತುಂಡು ತೆಗೆದು, ಉಳಿದ ತುದಿಗಳನ್ನು ಹೊಲಿದು ಜೋಡಿಸಿದ್ದರು. ಈಗ ಆ ಜೋಡಣೆಯ ಜಾಗವೇ ಮುಚ್ಚಿಕೊಳ್ಳುತ್ತಿತ್ತು. ಒಂದು ತುಂಡು ಸೇಬು ಸಿಪ್ಪೆ ಸಮೇತ ತಿಂದರೂ ಸಾಕು, ಸಂಜೆಯ ಹೊತ್ತಿಗೆ ಹೊಟ್ಟೆ ಹಿಂಡಿ ಹಿಪ್ಪೆಯಾಗಿ, ವಾಂತಿ ಮಾಡಿ ಮಾಡಿ ಗೋಡೆ ಹಿಡಿದು ನಿಲ್ಲುತ್ತಿದ್ದ. ಅರೆದದ್ದು, ಸೋಸಿದ್ದು, ನೀರಾದದ್ದು, ಇಷ್ಟರಲ್ಲೇ ಜೀವ ಹಿಡಿದುಕೊಂಡಿದ್ದ.

ಸರ್ಜನ್ನು ಮೂರನೇ ಆಪರೇಷನ್ನಿಗೆ ತಾರೀಖು ಕೊಟ್ಟರು, ಹತ್ತು ವಾರಗಳ ಆಚೆಗೆ. ಕೊಟ್ಟು ಒಂದು ಮಾತು ಹೇಳಿದರು. ಇನ್ನೂ ಒಂದು ತುಂಡು ತೆಗೆದರೆ ಉಳಿಯುವ ಕರುಳು ತಿಂದದ್ದನ್ನು ಹೀರಿಕೊಳ್ಳಲು ಸಾಲದೆ ಹೋಗಬಹುದು. ಹಾಗಾದರೆ ದಿನವೂ ರಕ್ತನಾಳದ ಮೂಲಕ ಆಹಾರ ಇಳಿಸಿಕೊಂಡು ಬದುಕಬೇಕಾಗುತ್ತದೆ. ಮತ್ತೆ ಏಣಿ ಹತ್ತುವುದು, ಪಂಪು ಹೊರುವುದು ಎಲ್ಲ ಅಲ್ಲಿಗೆ ಮುಗಿದಂತೆ. ಗುಂಡ ಆ ದಿನ ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಯಲ್ಲಿ ಕೂತುಬಿಟ್ಟನೆಂದು ಅವನ ಹೆಂಡತಿ ಹೇಳಿದಳು.

ಮೇಸ್ತ್ರಿಯ ಮಗಳು ವರದಿಗಳನ್ನೆಲ್ಲ ತರಿಸಿಕೊಂಡು ನೋಡಿದಳು. ಕಿರಿದಾದ ಭಾಗ ಗಿಡ್ಡದಾಗಿದೆ, ನೇರವಾಗಿದೆ, ಸುತ್ತ ಕೀವಿಲ್ಲ. ಕೊಯ್ಯದೆಯೇ ನೋಡಬಹುದು ಎಂದಳು. ಗುದದ ಮೂಲಕ ಕ್ಯಾಮೆರಾ ಇರುವ ಉದ್ದ ಕೊಳವೆ ಕಳಿಸಿ, ಅದರೊಳಗಿಂದ ಒಂದು ಪುಟ್ಟ ಬಲೂನು ತೂರಿಸಿ, ಕಿರಿದಾದ ಜಾಗದಲ್ಲಿ ನಿಧಾನವಾಗಿ ಉಬ್ಬಿಸಿ ಹಿಗ್ಗಿಸುವುದು.

ಇದು ಕಿವಿಗೆ ಬಿದ್ದದ್ದೇ ತಡ, ಮೇಸ್ತ್ರಿ ಗುಂಡನ ಮನೆಯಲ್ಲಿ ಹಾಜರು. ನಡುಮನೆಯಲ್ಲಿ ಗುಂಡ, ಗುಂಡನ ಹೆಂಡತಿ, ಪಕ್ಕದ ಮನೆಯವರಿಬ್ಬರು. ಇಷ್ಟು ಜನ ಮೇಸ್ತ್ರಿಗೆ ಧಾರಾಳವಾಯಿತು.

"ಲೋ ಗುಂಡ, ಇನ್ನು ಚಿಂತೆ ಬಿಡು. ನನ್ನ ಮಗಳು ಕೈ ಹಾಕಿದ ಮೇಲೆ ಮುಗೀತು. ಒಂದೇ ಸಲ! ಬೆಳಿಗ್ಗೆ ಹೋಗು, ಸಂಜೆ ಬಾ, ಸೇಬು ಕಚ್ಚಿ ತಿನ್ನು. ಎರಡನೇ ಸಲ ಆ ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ನನ್ನ ಹೆಸರು ಬದಲಾಯಿಸು."

"ಭಾವ, ಒಂದೇ ಸಲಕ್ಕೆ ಆಗಿಬಿಡತ್ತಾ?" ಗುಂಡನ ಹೆಂಡತಿ ಕಣ್ಣರಳಿಸಿ ಕೇಳಿದಳು.

"ಮೇಸ್ತ್ರಿ ಮಾತು ಕಣಮ್ಮ ಇದು."

ಗುಂಡ ಸಣ್ಣಗೆ ನಕ್ಕ. ಆ ನಗುವನ್ನು ಮೇಸ್ತ್ರಿ ಒಪ್ಪಿಗೆ ಎಂದು ಲೆಕ್ಕ ಹಿಡಿದ. ಎಂಟು ದಿನ ಕಳೆದು ಗುಂಡ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದಾಗ, ಅದು ತನ್ನ ಮಾತಿನ ಬಲದಿಂದಲೇ ಎಂದು ಬೀದಿಗೆಲ್ಲ ಸಾರಿದ.

ಆದರೆ ಮಾತು ಕೊಟ್ಟವನು ಸರಕು ನೋಡದೆ ಇರುತ್ತಾನೆಯೇ? ಒಂದು ಮಧ್ಯಾಹ್ನ ಮಗಳ ಊಟದ ವೇಳೆಗೆ ಅವಳ ಕೋಣೆಗೆ ನುಗ್ಗಿದ. ಅವಳು ಅರ್ಧ ತಿಂದಿದ್ದ ಬ್ರೆಡ್ಡನ್ನು ಪಕ್ಕಕ್ಕಿಟ್ಟು, ಕಲಿಸಲು ಇಟ್ಟುಕೊಂಡಿದ್ದ ಹಳೆಯ ಬಲೂನೊಂದನ್ನು ಡ್ರಾಯರಿನಿಂದ ತೆಗೆದು ಅವನ ಅಂಗೈಯಲ್ಲಿಟ್ಟಳು. ಕಿರುಬೆರಳಿನಷ್ಟು ಉದ್ದದ ತೆಳ್ಳನೆಯ ಪೊರೆ, ಹಿಂದೆ ಮಾರುದ್ದದ ಸಪೂರ ನಳಿಗೆ, ತುದಿಯಲ್ಲಿ ಹಿಡಿ, ಹಿಡಿಯ ಮೇಲೆ ಒತ್ತಡದ ಮಾಪಕ.

ಮೇಸ್ತ್ರಿ ಮಾಪಕವನ್ನು ಕನ್ನಡಕ ಏರಿಸಿ ನೋಡಿದ. "ಇದಕ್ಕೆ ಗಾಳಿ ತುಂಬ್ತೀರಾ?"

"ಇಲ್ಲಪ್ಪ. ನೀರು."

"ನೀರಾ!" ಮೇಸ್ತ್ರಿ ಕುರ್ಚಿಯ ತುದಿಗೆ ಬಂದ. "ಹಾಗಾದ್ರೆ ಇದು ನಮ್ಮ ಕಸುಬೇ ಅಲ್ವೇನೇ! ಇಷ್ಟು ವರ್ಷ ಓದಿ ಕೊನೆಗೆ ಅಪ್ಪನ ಕೆಲಸಕ್ಕೇ ಬಂದೆ ಅನ್ನು."

"ಹೂಂ, ಬಂದೆ. ಆದ್ರೆ ನಿನ್ನ ಪೈಪಿಗೆ ನೋವಾಗಲ್ಲ."

"ಎಷ್ಟು ಒತ್ತಡ?"

"ಮೂರರಿಂದ ಶುರು. ಆಗ ಹನ್ನೆರಡು ಮಿಲಿಮೀಟರ್ ಅಗಲ ಆಗತ್ತೆ. ಒಂದು ನಿಮಿಷ ಕಾಯೋದು. ಎಲ್ಲ ಸರಿಯಿದ್ರೆ ಹದಿಮೂರೂವರೆ. ಆಮೇಲೆ ಹದಿನೈದು, ಅದಕ್ಕೆ ಎಂಟು ಬೇಕು."

"ಒಡೆದ್ರೆ?"

"ಬಲೂನು ಒಡೆದ್ರೆ ನೀರು ಚೆಲ್ಲತ್ತೆ, ಅಷ್ಟೇ. ಕರುಳು ಒಡೆಯಬಾರದು." ಅವಳು ಅವನ ಕೈಯಿಂದ ಬಲೂನನ್ನು ಮೆಲ್ಲಗೆ ತೆಗೆದುಕೊಂಡಳು. "ಅಪ್ಪ, ಒಂದೇ ಸಲಕ್ಕೆ ಆಗದೇ ಇರಬಹುದು. ನೀನು ಬೀದೀಲಿ ಏನೇನೋ ಹೇಳ್ಕೊಂಡು ಓಡಾಡ್ತಿದೀಯಂತೆ. ಅಮ್ಮ ಹೇಳಿದ್ಳು."

"ಆಗದೇ ಇರೋದು ಬೇರೆಯವರಿಗೆ. ನೀನು ನನ್ನ ಮಗಳು ಕಣೆ," ಎಂದು ಅವಳ ತಲೆ ಸವರಿ, ಹೋಗುವಾಗ ಕೈತೊಳೆಯುವ ತೊಟ್ಟಿಯ ನಲ್ಲಿ ತೊಟ್ಟಿಕ್ಕುವುದನ್ನು ನಿಲ್ಲಿಸಿ ಹೋದ.

ಆ ದಿನ ಬಂತು. ಕಾಯುವ ಕೋಣೆಯಲ್ಲಿ ಗೋಡೆಗೆ ಸಾಲಾಗಿ ಬೋಲ್ಟು ಹೊಡೆದ ಕುರ್ಚಿಗಳು. ಗುಂಡನ ಹೆಂಡತಿ ಕೈಚೀಲವನ್ನು ಎದೆಗವಚಿ ಕೂತಿದ್ದಳು, ಜೊತೆಗೆ ಅವಳ ಅಕ್ಕ. ಮೇಸ್ತ್ರಿ ಅತ್ತಿಂದಿತ್ತ ಅಡ್ಡಾಡುತ್ತ, ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಒಳಗಿರುವ ಡಾಕ್ಟರು ಯಾರೆಂದು ತಿಳಿಸುವ ಕೆಲಸದಲ್ಲಿದ್ದ. ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಮಗಳು ಹೊರಗೆ ಬಂದಳು, ಟೋಪಿಯ ಅಂಚಿಗೆ ಬೆವರು.

"ಚಿಕ್ಕಪ್ಪ ಚೆನ್ನಾಗಿದ್ದಾರೆ," ಎಂದು ಮೊದಲು ಗುಂಡನ ಹೆಂಡತಿಯ ಕೈ ಹಿಡಿದಳು. "ಸ್ವಲ್ಪ ಹಿಗ್ಗಿದೆ. ಹದಿಮೂರೂವರೆಗೆ ನಿಲ್ಲಿಸಿದೆ. ಉಳಿದದ್ದು ನಾಲ್ಕು ವಾರ ಬಿಟ್ಟು ಮಾಡ್ತೀನಿ."

ಕೋಣೆಯಲ್ಲಿದ್ದವರೆಲ್ಲ ಮೇಸ್ತ್ರಿಯ ಮುಖ ನೋಡಿದರು. ಬೆಳಿಗ್ಗೆಯಿಂದ ಅವನು ತಾನೇ ಅಷ್ಟು ಕಷ್ಟಪಟ್ಟು ಸೇರಿಸಿದ್ದ ಸಭೆ ಅದು.

"ನಾಲ್ಕು ವಾರ ಬಿಟ್ಟು?" ಅವನ ದನಿ ಏರಿತು. "ಅಂದ್ರೆ ಅರ್ಧ ಕೆಲಸ ಮಾಡಿ ಎದ್ದು ಬಂದ್ಯಾ? ನಾನು ಮಾತು ಕೊಟ್ಟಿದ್ದೆ! ನನ್ನ ಇಡೀ ಜೀವಮಾನದಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು ಬಂದೋನಲ್ಲ ನಾನು. ಇನ್ನೊಂದು ಹೆಜ್ಜೆ ತಾನೇ ಉಳಿದಿದ್ದು?"

"ಹೌದು. ಇನ್ನೊಂದು ಹೆಜ್ಜೆ ಇತ್ತು."

"ಮತ್ತೆ?"

ಮಗಳು ಕೂಗಾಡಲಿಲ್ಲ. "ಮಾತು ಕೊಟ್ಟಿದ್ದು ನೀನು ಅಪ್ಪ, ನಾನಲ್ಲ," ಎಂದಳು. ಕಡ್ಡಿ ಮುರಿದಂತಿತ್ತು ಮಾತು. ಗುಂಡನ ಹೆಂಡತಿ ತಲೆ ತಗ್ಗಿಸಿದಳು. ಅವಳ ಅಕ್ಕ ಮಾತ್ರ, ತನಗೇ ಹೇಳಿಕೊಳ್ಳುವಂತೆ, ಇನ್ನು ಆರು ವಾರಕ್ಕೆ ಸರ್ಜನ್ ಕೊಟ್ಟ ತಾರೀಖು ಬಂದೇ ಬರತ್ತೆ, ಹೀಗೆ ಅರ್ಧಂಬರ್ಧ ನಂಬೋದಕ್ಕಿಂತ ಅಲ್ಲಿಗೇ ಹೋಗಿಬಿಡೋದು ವಾಸಿ, ಎಂದಳು. ಈ ಗೊಣಗಾಟ ಮಾತ್ರ ಮೇಸ್ತ್ರಿಯ ಕಿವಿಗೆ ಸರಿಯಾಗಿಯೇ ಬಿತ್ತು. ಗುಂಡ ಬಂದದ್ದು ತನ್ನ ಮಾತು ನಂಬಿ. ಆ ಮಾತು ಈಗ ಬಿದ್ದಿತ್ತು. ಗುಂಡ ಎದ್ದು ಕೂತು ಇನ್ನು ಬರಲ್ಲ ಅಂದರೆ ಗತಿ?

"ಬಾ," ಎಂದಳು ಮಗಳು. "ನಿನಗೆ ವಿಡಿಯೋ ತೋರಿಸಬಹುದು ಅಂತ ಚಿಕ್ಕಪ್ಪ ಮೊದಲೇ ಒಪ್ಪಿಗೆ ಕೊಟ್ಟಿದ್ದಾರೆ."

ಅವಳ ಕೋಣೆಯ ಪರದೆಯ ಮೇಲೆ ಗುಲಾಬಿ ಬಣ್ಣದ ಒಂದು ಸುರಂಗ. ಅದರ ಕೊನೆಯಲ್ಲಿ ಬಿಳಿಚಿಕೊಂಡ ಒಂದು ಉಂಗುರ, ನಡುವೆ ಪೆನ್ಸಿಲ್ ತೂರುವುದೂ ಕಷ್ಟವಾದಷ್ಟು ಕಂಡಿ. ಇಷ್ಟು ದಿನ ಗುಂಡ ಬದುಕಿದ್ದು ಈ ಕಂಡಿಯಲ್ಲಿ ಇಳಿದದ್ದರಿಂದ ಎಂದು ತಿಳಿದು ಮೇಸ್ತ್ರಿ ಕನ್ನಡಕ ಏರಿಸಿ ಹತ್ತಿರ ಬಾಗಿದ. ಪಾರದರ್ಶಕ ಬಲೂನು ತೂರಿ ಬಂತು, ನೀರು ತುಂಬಿಕೊಂಡಿತು, ಉಂಗುರ ಅದರ ಸೊಂಟವನ್ನು ಬಿಗಿಯಾಗಿ ಹಿಡಿದಿತ್ತು. ನರ್ಸಿನ ದನಿ ಕೇಳಿಸಿತು. "ಹನ್ನೆರಡು. ಮುಳ್ಳು ಮೂರರಲ್ಲಿ ನಿಂತಿದೆ." ಸೆಕೆಂಡುಗಳ ಎಣಿಕೆ. ಸೊಂಟ ಕೊಂಚ ಸಡಿಲವಾಯಿತು. "ಹದಿಮೂರೂವರೆ. ನಾಲ್ಕೂವರೆಯಲ್ಲಿದೆ."

ಮೇಸ್ತ್ರಿ ಮೇಜಿನ ಅಂಚು ಹಿಡಿದುಕೊಂಡ.

ನಲವತ್ತನೇ ಸೆಕೆಂಡಿಗೆ ಉಂಗುರ ಬಿಟ್ಟುಕೊಟ್ಟಿತು, ಆದರೆ ಒಂದೇ ಪಕ್ಕಕ್ಕೆ. ಬಲಬದಿಯಲ್ಲಿ ಕೆಂಪಗೆ ಒಂದು ಗೆರೆ ಎದ್ದಿತು. ಗೆರೆ ಆಳವಾಯಿತು.

"ನಿಲ್ಲಿಸಿ. ನೀರು ತೆಗೀರಿ." ಮಗಳ ದನಿ. ಮನೆಯಲ್ಲಿ ಕೇಳಿದ ದನಿಯೇ ಅಲ್ಲ ಅದು.

"ಡಾಕ್ಟ್ರೇ, ಹದಿನೈದು ಬಾಕಿಯಿದೆ."

"ಇವತ್ತಿಗೆ ಇಲ್ಲ."

ಬಲೂನು ಕುಗ್ಗಿತು. ನೀರು ಹಾಯಿಸಿ ತೊಳೆದ ಮೇಲೆ ಆ ಸೀಳು ಸ್ಪಷ್ಟವಾಗಿ ಕಂಡಿತು. ಅವಳು ಕ್ಯಾಮೆರಾವನ್ನು ಅಲ್ಲೇ ನಿಲ್ಲಿಸಿಕೊಂಡು ನಾಲ್ಕು ನಿಮಿಷ ಕಾದಿದ್ದಳು. ರಕ್ತ ಜಿನುಗಿ ನಿಂತಿತು. ಕೊಳವೆಯನ್ನು ಒತ್ತಿ ಆಚೆ ದಾಟಿಸಲು ಹೋಗದೆ ಹಿಂದಕ್ಕೆ ತಂದಳು.

"ಇನ್ನೊಮ್ಮೆ ಹಾಕು," ಎಂದ ಮೇಸ್ತ್ರಿ.

ಎರಡನೇ ಸಲ ನೋಡುವಾಗ ಅವನು ಉಂಗುರವನ್ನು ನೋಡಲಿಲ್ಲ, ಸಮಯವನ್ನು ನೋಡಿದ. ಗೆರೆ ಎದ್ದದ್ದಕ್ಕೂ "ನಿಲ್ಲಿಸಿ" ಎಂಬುದಕ್ಕೂ ನಡುವೆ ಒಂದು ಉಸಿರಿನಷ್ಟೂ ಅಂತರವಿರಲಿಲ್ಲ. ಹಳೆಯ ಪೈಪಿನ ಕತ್ತಿನಲ್ಲಿ ಜೋಡಣೆ ಬಿಗಿಯುತ್ತ, ಇನ್ನೊಂದೇ ಒಂದು ಸುತ್ತು ಎಂದು ಕೈ ಕೇಳುತ್ತದಲ್ಲ, ಆ ಕ್ಷಣ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಆ ಮೂರು ಸೋಲುಗಳಲ್ಲಿ ಎರಡು, ಕೈ ಕೇಳಿದ್ದನ್ನು ಕೊಟ್ಟು ಪೈಪಿನ ಕತ್ತು ಸೀಳಿಸಿಕೊಂಡಂಥವೇ. ಅಲ್ಲಿ ನೀರು ಸೋರಿ ಹಾಳಾದದ್ದು ಗೋಡೆ. ಇಲ್ಲಿ ಆಚೆ ಮಲಗಿದ್ದದ್ದು ಗುಂಡ. ಹೊರಗೆ ಅಪ್ಪ ಊರಿಗೆಲ್ಲ ಡಂಗುರ ಸಾರಿ ಕೂತಿದ್ದಾನೆಂದು ತಿಳಿದೂ ಇವಳ ಕೈ ನಿಂತಿತ್ತು.

"ಎಷ್ಟು ಸರಿಯಾಗಿ ನಿಲ್ಲಿಸಿದೀಯೇ," ಎಂದ. ದನಿ ಅವನಿಗೇ ಕೇಳಿಸದಷ್ಟು ಸಣ್ಣಗಿತ್ತು. ಮಗಳು ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

ಆದರೆ ಗುಂಡನಿಗೆ ಯಾರು ಹೇಳುವುದು? ಮಾತು ಕೊಟ್ಟವನೇ ಹೋಗಬೇಕು. ಮೇಸ್ತ್ರಿ ಜನ್ಮದಲ್ಲಿ ಕೊಟ್ಟ ಮಾತನ್ನು ವಾಪಸು ತೆಗೆದುಕೊಂಡವನಲ್ಲ. ಆಸ್ಪತ್ರೆಯ ಕಾರಿಡಾರಿನುದ್ದಕ್ಕೂ ಏನೇನೋ ಸಬೂಬುಗಳನ್ನು ಕಟ್ಟುತ್ತ ನಡೆದ. ಬಲೂನಿನ ಮೇಲೆ ಹಾಕಲೇ, ನರ್ಸಿನ ಮೇಲೆ ಹಾಕಲೇ? ಬಾಗಿಲು ಮುಟ್ಟುವ ಹೊತ್ತಿಗೆ ಎಲ್ಲವೂ ಉದುರಿಹೋದವು.

ಗುಂಡ ದಿಂಬಿಗೊರಗಿ ಎಚ್ಚರವಾಗಿದ್ದ. ಹೊಟ್ಟೆನೋವು ಬರುತ್ತದೆಯೋ ಎಂದು ಸಂಜೆಯವರೆಗೆ ನೋಡಬೇಕಿತ್ತು. ಈವರೆಗೆ ಬಂದಿರಲಿಲ್ಲ. ಮೇಸ್ತ್ರಿ ಸ್ಟೂಲ್ ಎಳೆದುಕೊಂಡ.

"ಲೋ, ನಾನು ಬಡಾಯಿ ಕೊಚ್ಚಿದ್ದೆ ಕಣೋ. ಒಂದೇ ಸಲ ಅಂತ ಅವಳು ಹೇಳಿರಲಿಲ್ಲ, ನಾನೇ ಹೇಳಿದ್ದು. ಅವಳು ಬೇಡ ಅಂದ್ರೂ ಕೇಳಲಿಲ್ಲ. ಅವಳು ನಿಲ್ಲಿಸಿದ್ದೇ ಸರಿ. ನಾನಾಗಿದ್ದಿದ್ರೆ ಇನ್ನೊಂದು ಸುತ್ತು ಬಿಗಿದು ನಿನ್ನನ್ನ ಮುಗಿಸಿಬಿಡ್ತಿದ್ದೆ. ನನ್ನ ಮೇಲಿನ ಸಿಟ್ಟು ನನ್ನ ಮೇಲಿರಲಿ. ನಾಲ್ಕು ವಾರ ಬಿಟ್ಟು ಬಾರೋ. ಇನ್ನೊಂದು ಸಲ ಬಾ. ಕಾಲು ಹಿಡೀತೀನಿ."

ಗುಂಡ ಅವನನ್ನೇ ನೋಡಿದ. ಹೊಟ್ಟೆ ಅಲುಗಿದರೆ ನೋವಾದೀತೆಂದು ಕೈಯಿಂದ ಒತ್ತಿ ಹಿಡಿದುಕೊಂಡು ನಗಲು ಶುರುಮಾಡಿದ.

"ಅಣ್ಣಾ, ನಿನ್ನ ಮಾತು ನಂಬಿ ನನ್ನ ಕರುಳು ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ? ಆ ಮೂರು ಮನೆಗೆ ಎರಡನೇ ಸಲ ಹೋದಾಗ ನಿನ್ನ ಚೀಲ ಹೊತ್ತೋನು ನಾನು."

ಮೇಸ್ತ್ರಿ ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿದ.

"ನೀನು ಬಂದು ಹೋದ ಮೇಲಿನ ಭಾನುವಾರ ನಿನ್ನ ಮಗಳು ನಮ್ಮ ಮನೆಗೆ ಬಂದಿದ್ಳು. ನನ್ನ ಹೆಂಡತಿ ಅಕ್ಕನ ಮನೆಗೆ ಹೋಗಿದ್ಳು, ನಾನೊಬ್ಬನೇ ಇದ್ದೆ. ನಿನ್ನ ಮಗಳು ಎರಡು ಗಂಟೆ ಕೂತ್ಳು. ಹಾಳೆ ಮೇಲೆ ಕರುಳು ಬರೆದು ತೋರಿಸಿದ್ಳು. ನೂರು ಜನಕ್ಕೆ ಮಾಡಿದ್ರೆ ಇಬ್ಬರಿಗೋ ಮೂವರಿಗೋ ತೂತಾಗತ್ತೆ ಚಿಕ್ಕಪ್ಪ, ಆಗ ಅವತ್ತೇ ಹೊಟ್ಟೆ ಕೊಯ್ಯಬೇಕು ಅಂದ್ಳು. ಎರಡು ಸಲ ಆಗಬಹುದು, ಮೂರಾಗಬಹುದು, ಆದ ಮೇಲೂ ವರ್ಷ ಎರಡು ವರ್ಷಕ್ಕೆ ಮತ್ತೆ ಕಿರಿದಾಗಬಹುದು ಅಂದ್ಳು. ಬೇಡ ಅನ್ನಿಸಿದ್ರೆ ಬೇಡ ಅನ್ನಿ, ಅಪ್ಪನ ಮುಖ ನೋಡಿ ಹೂಂ ಅನ್ನಬೇಡಿ ಅಂದ್ಳು." ಗುಂಡ ದಿಂಬು ಸರಿಮಾಡಿಕೊಂಡ. "ಇಷ್ಟು ವರ್ಷದಲ್ಲಿ ಯಾವ ಡಾಕ್ಟ್ರೂ ನನಗೆ ಅಷ್ಟು ಹೇಳಿರಲಿಲ್ಲ. ಅದಕ್ಕೇ ಹೂಂ ಅಂದೆ. ನಾಲ್ಕು ವಾರ ಅಲ್ಲ, ಅವಳು ಕರೆದಾಗೆಲ್ಲ ಬರ್ತೀನಿ."

"ಮತ್ತೆ ನನಗ್ಯಾಕೋ ಹೇಳಲಿಲ್ಲ?"

"ನೀನು ಅಷ್ಟು ಖುಷಿಯಾಗಿ ಕೊಚ್ಚಿಕೊಳ್ತಿದ್ದೆ. ಯಾಕೆ ಕೆಡಿಸ್ಲಿ ಅಂತ."

ಮೇಸ್ತ್ರಿ ಇಂಗು ತಿಂದ ಮಂಗನಂತೆ ಕೂತ. ಮೊದಲು ಚುಚ್ಚಿತು, ಸುಳ್ಳು ಹೇಳಬಾರದು, ಚೆನ್ನಾಗಿಯೇ ಚುಚ್ಚಿತು. ತನ್ನ ಮಾತಿನ ಮೇಲೆ ನಡೆಯುತ್ತಿದೆ ಎಂದುಕೊಂಡಿದ್ದ ಇಡೀ ಕೆಲಸದಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆಯೂ ಇರಲಿಲ್ಲ. ಆಮೇಲೆ ಮೆಲ್ಲಗೆ ಇನ್ನೊಂದು ಅರ್ಥವಾಯಿತು. ಮಗಳಿಗೆ ಅವನ ಮಾತಿನ ಆಸರೆಯೇ ಬೇಕಿರಲಿಲ್ಲ. ಹೆದರಿ ಕೂತಿದ್ದ ಒಬ್ಬ ಮನುಷ್ಯನ ಎದುರು ಕೂತು, ಕೆಟ್ಟದ್ದನ್ನೂ ಬಚ್ಚಿಡದೆ ಹೇಳಿ, ಅವನಿಂದ ಹೂಂ ಅನ್ನಿಸಿಕೊಂಡಿದ್ದಳು. ಇಷ್ಟು ಹೆಮ್ಮೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಇಷ್ಟು ಮುಜುಗರವೂ ಆಗಿರಲಿಲ್ಲ. ಎರಡನ್ನೂ ಒಟ್ಟಿಗೆ ಎಲ್ಲಿಡುವುದೆಂದು ತಿಳಿಯದೆ ಗುಂಡನ ಹೊದಿಕೆಯನ್ನು ಎಳೆದೆಳೆದು ಸರಿ ಮಾಡಿದ.

ನಾಲ್ಕು ವಾರ ಕಳೆದು ಅದೇ ಕಾಯುವ ಕೋಣೆ. ಈ ಸಲ ಮೇಸ್ತ್ರಿ ಅಡ್ಡಾಡಲಿಲ್ಲ. ಮೂಲೆಯ ಕುರ್ಚಿಯಲ್ಲಿ ತುಟಿ ಪಿಟಕ್ಕೆನ್ನದೆ ಕೂತಿದ್ದ. ಗುಂಡನ ಹೆಂಡತಿಗೆ ಅದನ್ನು ನೋಡಿಯೇ ಗಾಬರಿಯಾಗಿ, "ಭಾವ, ಹುಷಾರಾಗಿದ್ದೀರಿ ತಾನೇ?" ಎಂದು ಎರಡು ಸಲ ಕೇಳಿದಳು.

ಪಕ್ಕದ ಕುರ್ಚಿಗೆ ಹೊಸ ಹೆಂಗಸೊಬ್ಬಳು ಬಂದು ಕೂತಳು. ಅವಳ ಮಗಳಿಗೂ ಇದೇ ಕಾಯಿಲೆಯಂತೆ, ಹತ್ತೊಂಬತ್ತು ವರ್ಷವಂತೆ, ಗುಂಡನದು ಮುಗಿದ ಮೇಲೆ ಅವಳ ಸರದಿಯಂತೆ. ಕೈಯಲ್ಲಿದ್ದ ಕಾಗದಗಳನ್ನು ಮಡಿಸಿ ಬಿಡಿಸಿ ಮಾಡುತ್ತ ಮೇಸ್ತ್ರಿಯ ಕಡೆ ತಿರುಗಿದಳು.

"ಒಳಗಿರೋ ಡಾಕ್ಟ್ರು ಹೇಗೆ? ನಿಮಗೇನಾದ್ರೂ ಗೊತ್ತಾ? ಒಂದೇ ಸಲಕ್ಕೆ ಮುಗಿಸಿಬಿಡ್ತಾರಂತಾ?"

ಮೇಸ್ತ್ರಿಯ ನಾಲಿಗೆಯ ತುದಿಗೆ ಬಂದದ್ದೇನೆಂದು ಬೇರೆ ಹೇಳಬೇಕಾಗಿಲ್ಲ. ನುಂಗಿದ.

"ಆಗದೇ ಇರಬಹುದಮ್ಮ," ಎಂದ. "ಎರಡು ಸಲ ಆಗಬಹುದು, ಮೂರಾಗಬಹುದು. ಭಯ ಇದ್ರೆ ಅವರನ್ನೇ ಕೇಳಿ, ಇದ್ದದ್ದು ಇದ್ದ ಹಾಗೇ ಹೇಳ್ತಾರೆ. ಅವರು ಹೇಳಿದ್ದಷ್ಟೇ ನಂಬಿ. ಅದಕ್ಕಿಂತ ಜಾಸ್ತಿ ಯಾರು ಹೇಳಿದ್ರೂ ನಂಬಬೇಡಿ."

ಹೆಂಗಸು ತಲೆಯಾಡಿಸಿದಳು. ಕಾಗದಗಳನ್ನು ಮಡಿಸುವುದು ನಿಂತಿತು.

ಬಾಗಿಲು ತೆರೆಯಿತು. ಮಗಳು ನೇರವಾಗಿ ಗುಂಡನ ಹೆಂಡತಿಯ ಹತ್ತಿರ ಬಂದಳು. "ಹದಿನೈದಕ್ಕೆ ಹೋಯ್ತು ಚಿಕ್ಕಮ್ಮ. ಈ ಸಲ ಸಮನಾಗಿ ಬಿಡ್ತು. ಕೊಳವೆ ಸಲೀಸಾಗಿ ಆಚೆ ದಾಟಿತು. ಆಚೆ ಕರುಳು ಚೆನ್ನಾಗಿದೆ. ಸಂಜೆವರೆಗೂ ನೋಡೋಣ. ನೋವಿಲ್ಲ ಅಂದ್ರೆ ಆಪರೇಷನ್ ತಾರೀಖು ಬಿಟ್ಟುಕೊಡಬಹುದು ಅಂತ ಸರ್ಜನ್ ಒಪ್ಪಿದ್ದಾರೆ. ಮುಂದೆ ಮತ್ತೆ ಕಿರಿದಾಗಬಹುದು. ಔಷಧಿ ಬಿಡೋ ಹಾಗಿಲ್ಲ. ಕಿರಿದಾದ್ರೆ ಮತ್ತೆ ನೋಡ್ಕೊಳ್ಳೋಣ."

ಗುಂಡನ ಹೆಂಡತಿ ಅವಳನ್ನು ಬಾಚಿ ತಬ್ಬಿಕೊಂಡು, ಆಸ್ಪತ್ರೆಯೆಂಬುದನ್ನೂ ಮರೆತು ಜೋರಾಗಿ ಅತ್ತುಬಿಟ್ಟಳು. ಮಗಳು ಅವಳ ಹೆಗಲ ಮೇಲಿಂದ ಅಪ್ಪನನ್ನು ಹುಡುಕಿದಳು. ಮೇಸ್ತ್ರಿ ಎದ್ದು ನಿಂತಿದ್ದ. ಅವಳು ಒಮ್ಮೆ ತಲೆಯಾಡಿಸಿ, ಮುಂದಿನ ರೋಗಿಗಾಗಿ ಒಳಗೆ ಹೋದಳು.

ಪಕ್ಕದ ಹೆಂಗಸು ಮುಚ್ಚಿದ ಬಾಗಿಲನ್ನೂ ಮೇಸ್ತ್ರಿಯನ್ನೂ ನೋಡಿದಳು.

"ನಿಮಗೆ ಡಾಕ್ಟ್ರ ಪರಿಚಯ ಇದೆಯಾ?"

"ನನ್ನ ಮಗಳು," ಎಂದ ಮೇಸ್ತ್ರಿ.

ಮುಂದೆ ಹೇಳಲು ಅವನ ಬಳಿ ಮೂವತ್ತೆರಡು ವರ್ಷಗಳ ಬಡಾಯಿ ಸಿದ್ಧವಿತ್ತು. ಅದರಲ್ಲಿ ಒಂದನ್ನೂ ಆಡದೆ ಗುಂಡನನ್ನು ನೋಡಲು ಹೊರಟ.